ಹಾರ್ಡ್ ಡಿಸ್ಕ್ ಮತ್ತು ಬಯಾಸ್ ಹೊಂದಾಣಿಕೆ: ಅರ್ಜಿದಾರರ ಮಾಹಿತಿಗಾಗಿ

ಹೊಸದಾಗಿ ಅಳವಡಿಸಿದ ಹಾರ್ಡ್ ಡಿಸ್ಕ್ ಗಣಕಯಂತ್ರದಲ್ಲಿ ಗೋಚರಿಸದಿದ್ದಲ್ಲಿ ಅಥವಾ ನಿಜವಾದ ಸಾಮರ್ಥ್ಯಕ್ಕಿಂತ ಕಡಿಮೆ ತೋರಿಸಿದಲ್ಲಿ, ಅದು ಕೆಟ್ಟಿದೆಯೆಂದು ಕೂಡಲೇ ತೀರ್ಮಾನಿಸತಕ್ಕದ್ದಲ್ಲ. ಗಣಕಯಂತ್ರವನ್ನು ಚಾಲನೆಗೊಳಿಸುವ ಮೂಲ ತಂತ್ರಾಂಶವಾದ ಬಯಾಸ್‌ನ ಮಿತಿಯೂ ಕಾರಣವಾಗಿರಬಹುದು. ಪಹಣಿ, ಅಂಕಪಟ್ಟಿ, ಜಾತಿ ಪ್ರಮಾಣ ಪತ್ರ ಮುಂತಾದವುಗಳ ಸ್ಕ್ಯಾನ್ ಪ್ರತಿಗಳನ್ನು ಡಿಸ್ಕಿನಲ್ಲಿ ಇರಿಸಿಕೊಂಡಿರುವ ಅರ್ಜಿದಾರರು ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ. ಅವಸರದಲ್ಲಿ ಫಾರ್ಮ್ಯಾಟ್ ಮಾಡಿದಲ್ಲಿ ಸುಸ್ಥಿತಿಯಲ್ಲಿರುವ ಡಿಸ್ಕಿನ ದಾಖಲೆಗಳೂ ಕೈತಪ್ಪುತ್ತವೆ.

ಪರದೆಯಲ್ಲಿ ಕಾಣುವ ಗಾತ್ರವೇ ಹಲವು ವೇಳೆ ಕಾರಣವನ್ನು ಸೂಚಿಸುತ್ತದೆ. 28 ಬಿಟ್ ವಿಳಾಸ ಪದ್ಧತಿಯ ಹಳೆಯ ಬಯಾಸ್‌ಗಳು 137 ಜಿಬಿಯ ಆಚೆಗೆ ಓದಲಾರವು. 2002ರ ಎಟಿಎ-6 ಮಾನಕದ 48 ಬಿಟ್ ಪದ್ಧತಿಯಿಂದ ಈ ತೊಡಕು ನಿವಾರಣೆಯಾಯಿತು. ಅನಂತರದ ಮಿತಿ ವಿಭಾಗ ಪಟ್ಟಿಯದು. ಎಂಬಿಆರ್ ಎಂಬ ಹಳೆಯ ಪಟ್ಟಿಯು 512 ಬೈಟ್‌ಗಳ ಸೆಕ್ಟರ್‌ಗಳನ್ನು 32 ಬಿಟ್ ಸಂಖ್ಯೆಯಲ್ಲಿ ಎಣಿಸುವುದರಿಂದ ಸುಮಾರು 2.2 ಟಿಬಿಗೆ ನಿಲ್ಲುತ್ತದೆ. 3 ಟಿಬಿ ಡಿಸ್ಕ್ ಕೇವಲ 746 ಜಿಬಿ ಎಂದು ತೋರಿದಲ್ಲಿ, ಎಣಿಕೆಯು ಮಿತಿ ದಾಟಿ ಪುನಃ ಸೊನ್ನೆಯಿಂದ ಆರಂಭವಾಗಿದೆ ಎಂದೇ ತಿಳಿಯಬಹುದು. ಆಗ ಮೊದಲು ಡಿಸ್ಕ್ ನಿಯಂತ್ರಕದ ಡ್ರೈವರ್ ಅಥವಾ ಬಯಾಸ್ ಅನ್ನು ನವೀಕರಿಸಿ, ಬಳಿಕ ಜಿಪಿಟಿ ಪಟ್ಟಿಯನ್ನು ಬಳಸತಕ್ಕದ್ದು. ಅದೇ ಡಿಸ್ಕಿನಿಂದ ವಿಂಡೋಸ್ ಚಾಲನೆಗೊಳ್ಳಬೇಕಾದಲ್ಲಿ ಯುಇಎಫ್‌ಐ ಹೊಂದಿರುವ ಗಣಕಯಂತ್ರವೇ ಆಗಬೇಕು.

ಯುಎಸ್‌ಬಿ ಪೆಟ್ಟಿಗೆಯಲ್ಲಿದ್ದ ಡಿಸ್ಕನ್ನು ಹೊರತೆಗೆದು ನೇರವಾಗಿ ಜೋಡಿಸಿದಾಗ ಖಾಲಿಯಿರುವಂತೆ ಕಾಣುವುದೂ ಉಂಟು. ಕೆಲವು ಪೆಟ್ಟಿಗೆಗಳು ಸೆಕ್ಟರ್ ಗಾತ್ರವನ್ನು 4096 ಬೈಟ್ ಎಂದು ತೋರಿಸುವುದೇ ಇದಕ್ಕೆ ಕಾರಣ. ಅದೇ ಪೆಟ್ಟಿಗೆಗೆ ಮರಳಿಸಿದರೆ ಕಡತಗಳು ಸಾಮಾನ್ಯವಾಗಿ ಮತ್ತೆ ದೊರೆಯುತ್ತವೆ. ಡಿಸ್ಕನ್ನು 'ಇನಿಷಿಯಲೈಸ್' ಮಾಡಬೇಕೆಂದು ಪರದೆಯು ಕೇಳಿದರೆ ಸಮ್ಮತಿಸಬಾರದು.

ಪರೀಕ್ಷಾ ತಂತ್ರಾಂಶಗಳ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಬಯಾಸ್‌ನಲ್ಲಿ ರೇಡ್ ವಿಧಾನ ಆಯ್ಕೆಯಾಗಿದ್ದಲ್ಲಿ ಕೆಲವು ತಂತ್ರಾಂಶಗಳಿಗೆ ಡಿಸ್ಕ್ ಗೋಚರಿಸುವುದಿಲ್ಲ. ಇದನ್ನು ಎಎಚ್‌ಸಿಐಗೆ ಬದಲಿಸಿದಲ್ಲಿ ವಿಂಡೋಸ್ ಚಾಲನೆಗೊಳ್ಳದಿರಬಹುದು. ಆದ್ದರಿಂದ ಮೊದಲಿದ್ದ ಆಯ್ಕೆಯನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ಓದುವ ಪರೀಕ್ಷೆಯಿಂದ ದತ್ತಾಂಶ ಅಳಿಯುವುದಿಲ್ಲ. ಸೊನ್ನೆ ತುಂಬುವ ಪರೀಕ್ಷೆ ಎಲ್ಲವನ್ನೂ ಅಳಿಸುತ್ತದೆ. ಇವೆರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿಯೇ ಇರಬಹುದಾದ ಕಾರಣ ಗುಂಡಿ ಒತ್ತುವ ಮುನ್ನ ಹೆಸರನ್ನು ಓದತಕ್ಕದ್ದು. ಡಿಸ್ಕಿನ ಸ್ವಯಂ ತಪಾಸಣಾ ವ್ಯವಸ್ಥೆಯಾದ ಸ್ಮಾರ್ಟ್ 'ಸರಿಯಿದೆ' ಎಂದು ತೋರಿಸಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಗೂಗಲ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಫಲವಾದ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಪ್ರಮುಖ ಸೂಚಕಗಳಲ್ಲಿ ಯಾವುದೇ ಮುನ್ಸೂಚನೆ ನೀಡಿರಲಿಲ್ಲ. ಆದುದರಿಂದ ಯಾವುದೇ ಪರೀಕ್ಷೆಗೆ ಮುನ್ನ ದಾಖಲೆಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿರಿಸಿಕೊಳ್ಳತಕ್ಕದ್ದು.