ಮುಂಬಯಿಯಲ್ಲಿ ಅಸ್ತಮಿಸಿದ ಕರಾವಳಿಯ ಮೂವರು

ಮಹಾನಗರಗಳಲ್ಲಿ ನಿಧನರಾದ ಗಣ್ಯರ ಪಟ್ಟಿಯನ್ನು ನೋಡಿದರೆ ಅವರೆಲ್ಲರೂ ಆ ನಗರಕ್ಕೇ ಸೇರಿದವರೆಂಬ ಭ್ರಮೆ ಉಂಟಾಗುವುದು ಸಹಜ. ಮುಂಬಯಿಯಲ್ಲಿ ಕೊನೆಯುಸಿರೆಳೆದ ದಕ್ಷಿಣ ಕನ್ನಡದ ಮೂವರು ಮಹನೀಯರ ಬದುಕನ್ನು ಪರಿಶೀಲಿಸಿದರೆ, ಮರಣಸ್ಥಳವು ಎಷ್ಟು ಹೇಳುತ್ತದೆ, ಎಷ್ಟನ್ನು ಮರೆಮಾಡುತ್ತದೆ ಎಂಬುದು ತಿಳಿಯುತ್ತದೆ.

ಮೊದಲನೆಯವರು ಕಾರ್ನಾಡು ಸದಾಶಿವ ರಾವ್. 1881ರಲ್ಲಿ ಮಂಗಳೂರಿನಲ್ಲಿ ಜನಿಸಿದ ಈ ಶ್ರೀಮಂತ ವಕೀಲರು 1911ರಲ್ಲಿ ಅಲ್ಲಿ ಮಹಿಳಾ ಸಭೆಯನ್ನು ಸ್ಥಾಪಿಸಿದರು. ವಿಧವೆಯರ ಹಾಗೂ ಬಡ ಸ್ತ್ರೀಯರ ಶಿಕ್ಷಣಕ್ಕೂ, ಬಳಿಕ ಸ್ವಾತಂತ್ರ್ಯ ಹೋರಾಟಕ್ಕೂ ತಮ್ಮ ಆಸ್ತಿಯನ್ನೆಲ್ಲ ವ್ಯಯಿಸಿ ಬರಿಗೈಯಾದರು. 1936ರ ಡಿಸೆಂಬರಿನಲ್ಲಿ ಫೈಜಪುರ ಕಾಂಗ್ರೆಸ್ಸಿಗೆ ತೆರಳಿದ್ದಾಗ ಜ್ವರಪೀಡಿತರಾಗಿ, 1937ರ ಜನವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಸದಾಶಿವನಗರ ಅವರ ಹೆಸರನ್ನೇ ಹೊತ್ತಿದೆ; ಅಲ್ಲಿ ವಾಸಿಸುವ ಎಷ್ಟು ಮಂದಿಗೆ ಇದು ತಿಳಿದಿದೆಯೋ!

ಎರಡನೆಯವರು 1903ರಲ್ಲಿ ಮಂಗಳೂರಿನಲ್ಲಿಯೇ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮುಂಬಯಿ ಇವರಿಗೆ ಕೇವಲ ಮರಣಸ್ಥಳವಲ್ಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅವರು ಕಾನೂನನ್ನು ಮುರಿದು ಉಪ್ಪಿನ ಪೊಟ್ಟಣಗಳನ್ನು ಮಾರಿದ್ದು ಈ ನಗರದಲ್ಲಿಯೇ. ದೇಶದ ಕರಕುಶಲ ಕಲೆಗಳಿಗೆ ಮರುಜೀವ ನೀಡಿದ ಅವರು 1988ರ ಅಕ್ಟೋಬರ್ 29ರಂದು ಅಲ್ಲಿಯೇ ನಿಧನರಾದರು.

ಮೂರನೆಯವರು ಕಲ್ಯಾಣಪುರದ ತೋನ್ಸೆ ಮಾಧವ ಅನಂತ ಪೈ. ಸುವರ್ಣಾ ನದಿಯ ದಡದ ಆ ಊರಿನಲ್ಲಿ 1898ರ ಏಪ್ರಿಲ್ 30ರಂದು ಜನಿಸಿದ ಅವರು ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದರೂ ನಗರದಲ್ಲಿ ನೆಲೆಸದೆ ಮರಳಿ ಬಂದರು. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ 1925ರಲ್ಲಿ, ಅಣ್ಣ ಉಪೇಂದ್ರ ಅನಂತ ಪೈ ಹಾಗೂ ವಾಮನ ಶ್ರೀನಿವಾಸ ಕುಡ್ವರೊಡಗೂಡಿ ಉಡುಪಿಯಲ್ಲಿ ಬ್ಯಾಂಕೊಂದನ್ನು ತೆರೆದರು. ಮೂಲ ಬಂಡವಾಳ ಕೇವಲ 8,000 ರೂಪಾಯಿ. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು; ಸಂಗ್ರಾಹಕನು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಸ್ವೀಕರಿಸುತ್ತಿದ್ದನು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಜನರ ಉಳಿತಾಯ ಹೀಗೆ ಒಂದೆಡೆ ಕೂಡಿತು. ಮುಂದೆ ಬರಡುಗುಡ್ಡವಾಗಿದ್ದ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತಲೆಯೆತ್ತಿತು. ಸರಕಾರದ ಹಣವನ್ನು ನೆಚ್ಚದೆ ವಿದ್ಯಾರ್ಥಿಗಳ ಶುಲ್ಕದಿಂದಲೇ ಉನ್ನತ ಶಿಕ್ಷಣ ನಡೆಯಬಹುದೆಂಬ ಈ ಮಾರ್ಗಕ್ಕೆ ಅನುಕರಣೆಯೂ ಟೀಕೆಯೂ ಸಮನಾಗಿ ಒದಗಿದವು. ಪೈಗಳು 1979ರ ಮೇ 29ರಂದು ಮುಂಬಯಿಯಲ್ಲಿ ನಿಧನರಾದರು.

ಸದಾಶಿವ ರಾಯರು ಸಂಪತ್ತನ್ನು ತ್ಯಜಿಸಿದರು, ಕಮಲಾದೇವಿ ಕುಶಲಕರ್ಮಿಗಳ ಕೈಗೆ ಗೌರವ ತಂದರು, ಪೈಗಳು ಬಡವರ ಎರಡಾಣೆಯನ್ನು ಬಂಡವಾಳವಾಗಿಸಿದರು. ದಾರಿಗಳು ಬೇರೆಯಾದರೂ ಮೂವರ ದೃಷ್ಟಿಯೂ ದುರ್ಬಲರ ಮೇಲೆಯೇ ನೆಟ್ಟಿತ್ತು. ಪೈಗಳು ಕಟ್ಟಿದ ಬ್ಯಾಂಕು ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಫಲಕದಿಂದ ಆ ಹೆಸರು ಅಳಿಯಿತು. ಆದರೆ ಅಂಗಡಿಯ ಗಲ್ಲಾದಿಂದ ದಿನವೂ ಇಷ್ಟಿಷ್ಟು ಹಣ ತೆಗೆದಿಡುವವನು ಇಂದಿಗೂ ಅದನ್ನು 'ಪಿಗ್ಮಿ' ಎಂದೇ ಕರೆಯುತ್ತಾನೆ.