ಹೊಸೂರು ಸೀಮೆಯ ಶಾಲೆಗಳಲ್ಲಿ ನಾಡಿನ ಪಾಠ

ಬೆಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಹೊಸೂರು, ಹೆಸರಿನಿಂದ ಕನ್ನಡದ ಊರಾದರೂ ಆಡಳಿತದಿಂದ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದು, ಅದರ ಸುತ್ತಲಿನ ಬಾಗಲೂರು, ಬೇರಿಕೆ, ತಳಿ, ಕೆಲಮಂಗಲ, ದೇಂಕಣಿಕೋಟೆಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಭಾಷೆಗಳು ಒಂದೇ ಸಂತೆಯಲ್ಲಿ, ಎಷ್ಟೋ ವೇಳೆ ಒಂದೇ ಮನೆಯಲ್ಲಿ ಬಳಕೆಯಲ್ಲಿವೆ. ಇಂಥ ಸೀಮೆಯಲ್ಲಿ ಮಕ್ಕಳಿಗೆ 'ನಮ್ಮ ರಾಜ್ಯ'ದ ಭೂಗೋಳ, ಇತಿಹಾಸ ಮತ್ತು ಸಂಸ್ಕೃತಿಗಳನ್ನು ಕಲಿಸುವ ಕೆಲಸ ಉಳಿದ ಕಡೆಗಳಷ್ಟು ಸರಳವಾಗಿ ಎಂದೂ ನಡೆದಿಲ್ಲ. ಊರು ಇದ್ದಲ್ಲೇ ಇದ್ದರೂ ಅದು ಯಾವ ನಾಡಿನ ಭಾಗ ಎಂಬ ಪ್ರಶ್ನೆಗೆ ಪಠ್ಯಪುಸ್ತಕ ಕೊಡುವ ಉತ್ತರ ಎರಡು ಶತಮಾನಗಳಲ್ಲಿ ಹಲವು ಸಲ ಬದಲಾಗಿದೆ, ಮತ್ತು ಆ ಉತ್ತರವನ್ನು ಬರೆದವರು ಪ್ರತಿ ಸಲವೂ ಹೊಸೂರಿನಿಂದ ದೂರದಲ್ಲಿದ್ದವರೇ.

ನಾಡಿನ ಎಲ್ಲೆಯನ್ನು ಮೊದಲು ಹೇಳಿದವರು ಸರ್ಕಾರದವರಲ್ಲ, ವ್ಯಾಕರಣ ಮತ್ತು ಕಾವ್ಯಶಾಸ್ತ್ರಗಳನ್ನು ಬರೆದವರು. ತಮಿಳಿನ ಅತಿ ಹಳೆಯ ವ್ಯಾಕರಣವಾದ 'ತೊಲ್ಕಾಪ್ಪಿಯಂ'ನ ಪಾಯಿರಂ, ಅಂದರೆ ಪೀಠಿಕಾ ಪದ್ಯ, ತಮಿಳು ನುಡಿಯ ನಾಡಿಗೆ ಉತ್ತರದಲ್ಲಿ ತಿರುಪತಿಯ ವೇಂಕಟ ಬೆಟ್ಟವನ್ನೂ ದಕ್ಷಿಣದಲ್ಲಿ ಕುಮರಿಯನ್ನೂ ಎಲ್ಲೆಯಾಗಿ ಇಡುತ್ತದೆ; 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ನಾಡನ್ನು ಕಾವೇರಿ ಮತ್ತು ಗೋದಾವರಿ ನದಿಗಳ ನಡುವೆ ಗುರುತಿಸುತ್ತದೆ. ಹೊಸೂರು ವೇಂಕಟ ಬೆಟ್ಟಕ್ಕಿಂತ ದಕ್ಷಿಣದಲ್ಲಿದೆ, ಕಾವೇರಿಗಿಂತ ಉತ್ತರದಲ್ಲಿದೆ. ಹಾಗಾಗಿ ಎರಡೂ ಗ್ರಂಥಗಳ ಮಾತನ್ನು ಅಕ್ಷರಶಃ ಹಿಡಿದರೆ ಈ ಸೀಮೆ ಎರಡೂ ನಾಡುಗಳ ಒಳಗೆ ಬೀಳುತ್ತದೆ. 'ಕವಿರಾಜಮಾರ್ಗ'ವು ಪೂರ್ವದ ಎಲ್ಲೆಯನ್ನು ಹೇಳುವುದಿಲ್ಲ ಎಂಬುದೂ, ಅದು ತಿರುಳ್ಗನ್ನಡದ ನೆಲೆಯೆಂದು ಎಣಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳು ಇಲ್ಲಿಂದ ಬಹುದೂರದ ಉತ್ತರದಲ್ಲಿವೆ ಎಂಬುದೂ ನಿಜ. ಆದರೂ ಎರಡು ಹಳೆಯ ಎಲ್ಲೆಗಳು ಒಂದರ ಮೇಲೊಂದು ಹಾಸಿಕೊಂಡ ನೆಲವಿದು ಎಂಬ ಮಾತು ಎರಡೂ ರಾಜ್ಯಗಳ ಮಕ್ಕಳಿಗೆ ಹೇಳಿಕೊಡಲು ತಕ್ಕ ಮಾತಾಗಿದೆ.

ಇಂದಿನ ಗೆರೆಯ ಮೂಲ ಯುದ್ಧದಲ್ಲಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ತನ್ನ ರಾಜ್ಯದ ಅರ್ಧದಷ್ಟನ್ನು ಬಿಟ್ಟುಕೊಟ್ಟಾಗ ಕೃಷ್ಣಗಿರಿಯ ಕಡೆಯ ಬಾರಾಮಹಲು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಘಟ್ಟದ ಮೇಲಿನ ಹೊಸೂರು ಆಗ ಮೈಸೂರಿನಲ್ಲೇ ಉಳಿದು, 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಗೆ ಸೇರಿತು. ಹೀಗೆ ಕೂಡಿಬಂದ ಸೇಲಂ ಜಿಲ್ಲೆಯನ್ನು ಕಂದಾಯದ ಅಧಿಕಾರಿಗಳು ಮೂರು ಪದರಗಳಾಗಿ ಕಂಡರು: ಸೇಲಂ ಸುತ್ತಲಿನ ತಗ್ಗುನಾಡು ತಳಘಾಟ್, ನಡುವಿನ ಕೃಷ್ಣಗಿರಿ ಮತ್ತು ಧರ್ಮಪುರಿಗಳ ಬಯಲು ಬಾರಾಮಹಲು, ಮೈಸೂರು ಪ್ರಸ್ಥಭೂಮಿಯದೇ ಮುಂದುವರಿಕೆಯಾದ ಹೊಸೂರು ಬಾಲಾಘಾಟ್. ಇವುಗಳಲ್ಲಿ ಬಾಲಾಘಾಟ್ ಎಂಬ ಹೆಸರು, ಅಂದರೆ ಘಟ್ಟದ ಮೇಲಿನ ನಾಡು, ಅಪ್ಪಟ ಭೂಗೋಳದ ಹೆಸರು. ಶೂಲಗಿರಿಯಿಂದ ಕೃಷ್ಣಗಿರಿಯ ಕಡೆಗೆ ಇಳಿಯುವ ಯಾರಿಗಾದರೂ ಹವೆಯೂ ನೆಲವೂ ಬದಲಾಗುವುದು ಇಂದಿಗೂ ಅನುಭವಕ್ಕೆ ಬರುತ್ತದೆ. ರಾಜ್ಯದ ಗೆರೆ ಮಾತ್ರ ಈ ಘಟ್ಟದ ಅಂಚಿನಲ್ಲಿ ಬೀಳದೆ ಪ್ರಸ್ಥಭೂಮಿಯ ಮೇಲೆಯೇ ಬಿತ್ತು. ನಿಸರ್ಗವು ಹೇಳುವ ಪಾಠಕ್ಕೂ ನಕ್ಷೆ ಹೇಳುವ ಪಾಠಕ್ಕೂ ಹೊಂದಿಕೆ ತಪ್ಪಿದ್ದು ಅಲ್ಲಿಂದಲೇ.

ಬಾರಾಮಹಲಿನ ಮೊದಲ ಆಡಳಿತಗಾರ ಅಲೆಗ್ಸಾಂಡರ್ ರೀಡ್‌ನ ಕೈಕೆಳಗೆ 1792ರಿಂದ 1799ರವರೆಗೆ ದುಡಿದ ಥಾಮಸ್ ಮನ್ರೋ, ಮುಂದೆ ಮದರಾಸಿನ ಗವರ್ನರನಾಗಿ, 1822ರ ಜೂನ್ 25ರಂದು ಪ್ರಾಂತ್ಯದ ನಾಡಶಾಲೆಗಳ ಲೆಕ್ಕ ಕಳುಹಿಸುವಂತೆ ಎಲ್ಲ ಕಲೆಕ್ಟರುಗಳಿಗೆ ಆದೇಶಿಸಿದನು. ಬಂದ ವರದಿಗಳನ್ನು ಒಟ್ಟುಗೂಡಿಸಿ 1826ರಲ್ಲಿ ಅವನು ಬರೆದ ಟಿಪ್ಪಣಿಯ ಪ್ರಕಾರ ಪ್ರಾಂತ್ಯದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದರು. ಕನ್ನಡದಲ್ಲಿ ಕೂಲಿಮಠವೆಂದೂ ತಮಿಳಿನಲ್ಲಿ ತಿಣ್ಣೈ ಶಾಲೆಯೆಂದೂ (ತಿಣ್ಣೈ ಎಂದರೆ ಜಗುಲಿ) ಕರೆಯಲಾಗುತ್ತಿದ್ದ ಈ ಶಾಲೆಗಳೊಳಗೆ ಏನು ನಡೆಯುತ್ತಿತ್ತೆಂಬುದನ್ನು, ಹೊಸೂರಿನಂತೆಯೇ ಕನ್ನಡ ಮತ್ತು ತೆಲುಗುಗಳು ಬೆರೆತಿದ್ದ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿ ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ ಹಾಕುತ್ತಿದ್ದರು, ಅವನ ಹಿಂದೆ ಬಂದವರಿಗೆ ಬರುತ್ತಿದ್ದಂತೆ ಏರುವ ಲೆಕ್ಕದಲ್ಲಿ ಪೆಟ್ಟು ಬೀಳುತ್ತಿತ್ತು. ಅಕ್ಷರಗಳನ್ನು ಮರಳಿನ ಮೇಲೆ ತಿದ್ದಿಸಿ, ಮಗ್ಗಿ ಮತ್ತು ಲೆಕ್ಕಗಳನ್ನು ಬಾಯಿಪಾಠ ಮಾಡಿಸಿ, ರಾಮಾಯಣ ಭಾರತಗಳ ಭಾಗಗಳನ್ನು ಅರ್ಥ ತಿಳಿಸದೆಯೇ ಓದಿಸುತ್ತಿದ್ದರು. ಈ ಪಟ್ಟಿಯಲ್ಲಿ ನಾಡಿನ ಭೂಗೋಳವೆಂಬುದು ಇಲ್ಲ. ಅದನ್ನು ಒಂದು ಕೊರತೆಯೆಂದು ಮಾತ್ರ ಕಾಣುವುದು ಆತುರದ ತೀರ್ಪಾದೀತು. ಯಾವ ಕೆರೆಯ ಕೋಡಿ ಯಾವ ಊರಿಗೆ ಹರಿಯುತ್ತದೆ, ಯಾವ ವಾರ ಎಲ್ಲಿ ಸಂತೆ, ಯಾವ ಜಾತ್ರೆಗೆ ಯಾವ ದಾರಿ ಎಂಬುದನ್ನು ಮಗು ಹೊಲದಲ್ಲೂ ದನಗಳ ಹಿಂದೆಯೂ ಕಲಿಯುತ್ತಿತ್ತು, ಆ ತಿಳಿವಳಿಕೆಗೆ ಗಡಿ ಇರಲಿಲ್ಲ.

ಶಾಲೆಯೊಳಗೆ ಭೂಗೋಳ ಬಂದದ್ದು 1855ರಲ್ಲಿ ಮದರಾಸಿನಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ನೆಲೆಗೊಂಡ ಮೇಲೆ, ಮಿಷನರಿಗಳ ಮತ್ತು ಇಲಾಖೆಯ ಪುಸ್ತಕಗಳ ಮೂಲಕ. ಅದರ ಹಿಂದೆ ಯೂರೋಪಿನ ಒಂದು ತತ್ತ್ವವಿತ್ತು. ಸ್ವಿಟ್ಜರ್‌ಲೆಂಡಿನ ಶಿಕ್ಷಣ ಚಿಂತಕ ಪೆಸ್ಟಲಾಟ್ಸಿ (1746–1827) ಮಗು ತಾನು ಕಣ್ಣಾರೆ ಕಂಡದ್ದರಿಂದ ಹೊರಟು ಕಾಣದ್ದರ ಕಡೆಗೆ ಹೋಗಬೇಕೆಂದು ಹೇಳಿ, ಮಕ್ಕಳನ್ನು ಹೊರಗೆ ಕರೆದೊಯ್ದು, ಅವರು ಕಂಡ ಕಣಿವೆಯನ್ನು ಮಣ್ಣಿನಲ್ಲಿ ರೂಪಿಸಲು ಕಲಿಸಿದನು. ಆಧುನಿಕ ಭೂಗೋಳಶಾಸ್ತ್ರಕ್ಕೆ ಅಡಿಪಾಯ ಹಾಕಿದ ಜರ್ಮನಿಯ ಕಾರ್ಲ್ ರಿಟ್ಟರ್ ಕೂಡ ಅವನ ಶಾಲೆಯನ್ನು ನೋಡಿ ಪ್ರಭಾವಿತನಾದವನು. ಊರು, ತಾಲ್ಲೂಕು, ಜಿಲ್ಲೆ, ಪ್ರಾಂತ್ಯ, ದೇಶ ಎಂಬ ಏಣಿಯಲ್ಲಿ ಭಾರತದ ಪ್ರಾಥಮಿಕ ಶಾಲೆಗಳು ಭೂಗೋಳವನ್ನು ಕಲಿಸತೊಡಗಿದ್ದು ಈ ತತ್ತ್ವದ ನೆರಳಿನಲ್ಲೇ. ಆದರೆ ಇಲ್ಲಿಗೆ ಬರುವಾಗ ಅದು ಸ್ವಲ್ಪ ಕೆಟ್ಟಿತು. 'ಹತ್ತಿರದ್ದು' ಎಂಬುದಕ್ಕೆ ಕಂದಾಯದ ಘಟಕವೇ ಅಳತೆಯಾದಾಗ, ಹೊಸೂರಿನ ಮಗುವಿಗೆ ಒಂದು ದಿನದ ಗಾಡಿ ಪಯಣದಷ್ಟು ದೂರದ ಆನೇಕಲ್ಲು ಪರರಾಜ್ಯವೂ, ಎಂದೂ ಕಾಣದ ಸೇಲಂ ಮತ್ತು ನಾಮಕ್ಕಲ್ಲುಗಳು ಸ್ವಂತ ಜಿಲ್ಲೆಯೂ ಆದವು. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿ (ರಾಜಾಜಿ), ಹೊಸೂರಿನ ಶಾಲೆಯಿಂದ ಕಾಲೇಜು ವ್ಯಾಸಂಗಕ್ಕೆಂದು ಹೋದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಪುಸ್ತಕದ ಏಣಿ ಮದರಾಸಿನ ಕಡೆಗೆ ಏರುತ್ತಿದ್ದರೂ ಕಾಲುದಾರಿ ಬೆಂಗಳೂರಿನ ಕಡೆಗೇ ಇತ್ತು.

ಇಷ್ಟಾದರೂ ಸ್ವಾತಂತ್ರ್ಯಪೂರ್ವದ ಮದರಾಸು ಪ್ರಾಂತ್ಯದಲ್ಲಿ ಹೊಸೂರಿನ ಕನ್ನಡಕ್ಕೆ ಒಂದು ಆಸರೆ ಇತ್ತು, ಮತ್ತು ಈ ಇತಿಹಾಸದಲ್ಲಿ ಸಾಕಷ್ಟು ಗಮನ ಪಡೆಯದ ಸಂಗತಿ ಅದೇ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಎಂಬ ಎರಡು ದೊಡ್ಡ ಜಿಲ್ಲೆಗಳೂ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕೂ ಅದೇ ಪ್ರಾಂತ್ಯದಲ್ಲಿದ್ದುದರಿಂದ ಮದರಾಸು ಸರ್ಕಾರಕ್ಕೆ ಕನ್ನಡ ಪಠ್ಯಪುಸ್ತಕ, ಕನ್ನಡ ಬಲ್ಲ ತನಿಖಾಧಿಕಾರಿ ಮತ್ತು ಕನ್ನಡದ ಶಿಕ್ಷಕ ತರಬೇತಿ ಅನಿವಾರ್ಯವಾಗಿದ್ದವು. ಪಂಜೆ ಮಂಗೇಶರಾಯರಂಥ ಸಮರ್ಥರು ಆ ಶಿಕ್ಷಣ ಇಲಾಖೆಯಲ್ಲಿ ದುಡಿದವರೇ. 1953ರ ಅಕ್ಟೋಬರ್ 1ರಂದು, ಹೊಸೂರು ಸೀಮೆಯ ಮಗನೇ ಆದ ರಾಜಾಜಿ ಮದರಾಸಿನ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಹೊರಟುಹೋದವು, ಕಾಸರಗೋಡು ಕೇರಳಕ್ಕೆ ಸಂದಿತು. ಮದರಾಸು ರಾಜ್ಯದಲ್ಲಿ ಕೊನೆಗೆ ಉಳಿದದ್ದು ಹೊಸೂರು ಸೀಮೆ, ತಾಳವಾಡಿ, ನೀಲಗಿರಿಯ ಭಾಗಗಳಂಥ ಚದುರಿದ ತುಂಡುಗಳು. ಏಕೀಕರಣವು ಬಹುಪಾಲು ಕನ್ನಡಿಗರಿಗೆ ತಂದ ಲಾಭ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದರಾಸಿನ ಪಠ್ಯರಚನೆಯಲ್ಲಿ ಕನ್ನಡಕ್ಕಿದ್ದ ತೂಕವನ್ನು ಅದು ಮೂರೇ ವರ್ಷಗಳಲ್ಲಿ ಇಳಿಸಿಬಿಟ್ಟಿತು. ಮೊದಲು ಕನ್ನಡದಲ್ಲಿ ಬರೆಯಲಾಗುತ್ತಿದ್ದ ಪಾಠ ಆಮೇಲೆ ಕನ್ನಡಕ್ಕೆ ಅನುವಾದವಾಗುವ ಪಾಠವಾಯಿತು.

ಕಾನೂನಿನ ರಕ್ಷಣೆ ಇರಲಿಲ್ಲವೆಂದಲ್ಲ. ಒಂದು ಭಾಷೆಯ 40 ಮಕ್ಕಳು ಶಾಲೆಯಲ್ಲಿ ಅಥವಾ 10 ಮಕ್ಕಳು ತರಗತಿಯಲ್ಲಿದ್ದರೆ ಆ ಭಾಷೆಯ ಶಿಕ್ಷಕರನ್ನು ಒದಗಿಸಬೇಕೆಂದು ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನ 1949ರಲ್ಲೇ ಒಪ್ಪಿತ್ತು; 1956ರ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಏರ್ಪಾಡು ಮಾಡುವಂತೆ ರಾಜ್ಯಗಳಿಗೆ ಹೇಳುತ್ತದೆ. ಆದರೆ ಈ ನಿಯಮಗಳು ಯಾವ ಭಾಷೆಯಲ್ಲಿ ಕಲಿಸಬೇಕೆಂದು ಹೇಳುತ್ತವೆಯೇ ಹೊರತು ಯಾರ ಊರಿನ ಕಥೆಯನ್ನು ಕಲಿಸಬೇಕೆಂದು ಹೇಳುವುದಿಲ್ಲ. ಈ ನಡುವೆ ಊರಿನ ಮೇಲಿನ ಜಿಲ್ಲೆ, ರಾಜ್ಯಗಳ ಹೆಸರುಗಳೂ ಬದಲಾದವು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆಯೂ 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆಯೂ ಬೇರ್ಪಟ್ಟವು, 1969ರಲ್ಲಿ ಮದರಾಸು ರಾಜ್ಯ ತಮಿಳುನಾಡಾಯಿತು, 1973ರಲ್ಲಿ ಮೈಸೂರು ಕರ್ನಾಟಕವಾಯಿತು. 2006ರ ತಮಿಳು ಕಲಿಕೆ ಕಾಯಿದೆಯು ಒಂದನೇ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಹತ್ತನೆಯದರವರೆಗೆ ತಮಿಳನ್ನು ಕಡ್ಡಾಯಗೊಳಿಸಿ, ತಮಿಳು ಅಥವಾ ಇಂಗ್ಲಿಷ್ ಮಾತೃಭಾಷೆಯಲ್ಲದವರು ತಮ್ಮ ಭಾಷೆಯನ್ನು ಐಚ್ಛಿಕವಾಗಿ ಓದಬಹುದೆಂದಿತು. ಅಲ್ಪಸಂಖ್ಯಾತ ಭಾಷೆಗಳ ಶಾಲೆಗಳು ನ್ಯಾಯಾಲಯದ ಮೆಟ್ಟಿಲೇರಿ ತಮಿಳು ಪರೀಕ್ಷೆಯಿಂದ ಆಗಾಗ ವಿನಾಯಿತಿ ಪಡೆದವು. ಈ ವಾಗ್ವಾದದಲ್ಲಿ ಒಂದು ಸಂಗತಿ ಮರೆಯಾಗುತ್ತದೆ: ನಾಡಿನ ಪಾಠದ ಮಟ್ಟಿಗೆ ತಮಿಳಿನ ಕಲಿಕೆ ನಷ್ಟವೇನೂ ಅಲ್ಲ.

ಅದು ಏಕೆಂಬುದನ್ನು ಪಠ್ಯಗಳೇ ತೋರಿಸುತ್ತವೆ. ತಮಿಳುನಾಡಿನ ಮಗು ಕಿರಿಯ ತರಗತಿಯಲ್ಲೇ ಐದು ತಿಣೈಗಳನ್ನು ಓದುತ್ತದೆ. ತಿಣೈ ಎಂದರೆ ಸಂಗಂ ಕಾವ್ಯವು ನೆಲವನ್ನು ವಿಂಗಡಿಸಿದ ಬಗೆ: ಬೆಟ್ಟದ ಕುರಿಂಜಿ, ಕಾಡಿನ ಮುಲ್ಲೈ, ಗದ್ದೆಬಯಲಿನ ಮರುದಂ, ಕಡಲಂಚಿನ ನೆಯ್ದಲ್, ಬೆಂಗಾಡಿನ ಪಾಲೈ. ಭೂಗೋಳವನ್ನು ಜೀವನಕ್ರಮದೊಡನೆ ಇಷ್ಟು ಸೊಗಸಾಗಿ ಹೆಣೆದ ಕಲ್ಪನೆ ಶಾಲೆಯ ಪುಸ್ತಕಕ್ಕೆ ಸಿಗುವುದು ಅಪರೂಪ. ಆದರೆ ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಆ ಪದಗಳು ಕನ್ನಡದ ಮಗುವಿಗೆ ಬಿಚ್ಚಿಕೊಳ್ಳುವುದಿಲ್ಲ, ತಮಿಳು ಬಲ್ಲ ಮಗುವಿಗೆ ಬಿಚ್ಚಿಕೊಳ್ಳುತ್ತವೆ. ಹಾಗೆಯೇ ಸಂಗಂ ಕಾಲದ ಏಳು ಮಹಾದಾನಿಗಳಲ್ಲಿ ಒಬ್ಬನಾಗಿ, ಅಪೂರ್ವವಾದ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟನೆಂದು ಹೆಸರಾದ ಅದಿಯಮಾನ್ ಆಳಿದ ತಗಡೂರು ಬೇರೆಲ್ಲೂ ಇಲ್ಲ, ನೆರೆಯ ಧರ್ಮಪುರಿಯೇ ಅದು. ಅದೇ ಧರ್ಮಪುರಿಯಲ್ಲಿ 9ನೇ ಶತಮಾನದ ನೊಳಂಬ ಅರಸರ ಶಾಸನಗಳೂ ದೊರೆತಿವೆ. ನೊಳಂಬರನ್ನು ಕರ್ನಾಟಕದ ಪಾಠವೂ ಅದಿಯಮಾನನನ್ನು ತಮಿಳುನಾಡಿನ ಪಾಠವೂ ಹೇಳುತ್ತವೆ, ಒಂದೇ ಊರಿನಲ್ಲಿ ಇಬ್ಬರನ್ನೂ ಒಟ್ಟಿಗೆ ಕಾಣುವ ಪುಸ್ತಕವೇ ಬೇಕಾಗಿರುವುದು.

ಗೆರೆಯಿಂದಾದ ನಷ್ಟ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ನದಿಯಲ್ಲಿ. ಹತ್ತನೇ ತರಗತಿಯ ಮಗು ತಮಿಳುನಾಡಿನ ಭೌತಿಕ ಭೂಗೋಳವನ್ನು ಓದಿ ರಾಜ್ಯದ ನಕ್ಷೆಯಲ್ಲಿ ತೆನ್‌ಪೆಣ್ಣೈಯನ್ನು ಗುರುತಿಸುವಾಗ, ಆ ನದಿ ನಕ್ಷೆಯ ವಾಯವ್ಯ ಅಂಚಿನ ಬಿಳಿಯ ಖಾಲಿಯಿಂದ ಒಮ್ಮೆಲೇ ಹುಟ್ಟಿದಂತೆ ಕಾಣುತ್ತದೆ. ಕರ್ನಾಟಕದ ಮಗು ಅದೇ ನದಿಯನ್ನು ದಕ್ಷಿಣ ಪಿನಾಕಿನಿಯೆಂದು ಓದಿ, ನಂದಿಬೆಟ್ಟದ ಸಾಲಿನಿಂದ ಹೊರಟದ್ದು ಆಗ್ನೇಯದ ಖಾಲಿಯಲ್ಲಿ ಕರಗಿಹೋಗುವುದನ್ನು ನೋಡುತ್ತದೆ. ಎರಡೂ ಖಾಲಿಗಳು ಕೂಡುವ ಜಾಗದಲ್ಲಿ ಹೊಸೂರಿದೆ. ಅಲ್ಲಿನ ಕೆಲವರಪಳ್ಳಿ ಜಲಾಶಯಕ್ಕೆ ಬರುವ ನೀರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳೆಯೂ ಸೇರಿರುತ್ತದೆ. ಅಲ್ಲಿಂದ ನದಿ ಕೃಷ್ಣಗಿರಿ ಅಣೆಕಟ್ಟನ್ನು ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಒಂದೇ ನದಿಗೆ ಎರಡು ಹೆಸರು ಇರುವುದು ದೋಷವಲ್ಲ, ಎರಡೂ ಒಂದೇ ಎಂದು ಮಗುವಿಗೆ ಹೇಳದಿರುವುದು ದೋಷ.

ಇತಿಹಾಸದಲ್ಲೂ ಹೀಗೆಯೇ. 1792 ಮೈಸೂರಿನ ಚರಿತ್ರೆಗೆ ಸೋಲಿನ ವರ್ಷ, ಸೇಲಂ ಜಿಲ್ಲೆಯ ಚರಿತ್ರೆಗೆ ಆರಂಭದ ವರ್ಷ. ಹೊಯ್ಸಳ ಸೋಮೇಶ್ವರನ ರಾಜ್ಯವು ಮಕ್ಕಳಲ್ಲಿ ಪಾಲಾದಾಗ ತಮಿಳು ಭಾಗವನ್ನು ಪಡೆದ ರಾಮನಾಥನು ಶ್ರೀರಂಗದ ಬಳಿಯ ಕಣ್ಣನೂರಿನಿಂದ ಸರಿದು 13ನೇ ಶತಮಾನದ ಕೊನೆಯ ದಶಕಗಳಲ್ಲಿ ಆಳಿದ್ದು ಈ ಸೀಮೆಯ ಕುಂದಾಣಿಯಿಂದ. ಬೇಲೂರು ಹಳೇಬೀಡುಗಳಲ್ಲಿ ನಿಂತುಬಿಡುವ ಹೊಯ್ಸಳರ ಪಾಠ ಅಲ್ಲಿಯವರೆಗೆ ಬರುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಶೂಲಗಿರಿ ಬಳಿಯ ಮಲ್ಲಚಂದ್ರದಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ಬರಗೂರು ಕಡೆಯ ಮಯಿಲಾಡುಂಪಾರೈಯಲ್ಲಿ ದೊರೆತ ಕಬ್ಬಿಣದ ಕಾಲವನ್ನು ಕ್ರಿ.ಪೂ. 2172ರಷ್ಟು ಹಿಂದಕ್ಕೆ ಒಯ್ಯಬಹುದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಈ ಕಾಲಕ್ಕೆ ಕನ್ನಡ, ತಮಿಳು, ತೆಲುಗು ಎಂಬ ಹಂಚಿಕೆಯನ್ನು ಹಚ್ಚುವುದು ಅರ್ಥವಿಲ್ಲದ ಕೆಲಸ.

ಗೆರೆಯ ಆಚೆ ನವೆಂಬರ್ 1ರಂದು ಕನ್ನಡ ರಾಜ್ಯೋತ್ಸವ. ಈಚೆ, ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರಿಡಲು 1967ರಲ್ಲಿ ವಿಧಾನಸಭೆ ನಿರ್ಣಯಿಸಿದ ಜುಲೈ 18 ತಮಿಳುನಾಡು ದಿನ. ಹೊಸೂರಿನ ಕನ್ನಡ ಶಾಲೆಯ ಮಗುವಿಗೆ ಎರಡೂ ಗೊತ್ತಿರುತ್ತವೆ, ಆ ಎರಡರ ನಡುವೆ ತನ್ನ ಊರು ಎಲ್ಲಿ ನಿಲ್ಲುತ್ತದೆಂಬುದು ಗೊತ್ತಿರುವುದಿಲ್ಲ. ಅದಕ್ಕಾಗಿ ಹೊಸ ಪಠ್ಯಕ್ರಮವೇನೂ ಬೇಕಾಗಿಲ್ಲ. ಘಟ್ಟದ ಮೇಲಿನ ಮತ್ತು ಕೆಳಗಿನ ನೆಲವನ್ನು, ನಂದಿಯಿಂದ ಕಡಲೂರಿನವರೆಗಿನ ನದಿಯನ್ನು ಅಂಚಿನಲ್ಲಿ ಕತ್ತರಿಸದೆ ತೋರಿಸುವ ಒಂದು ನಕ್ಷೆ, ನಡೆದು ತಲುಪಬಹುದಾದ ಕೋಟೆ, ವೀರಗಲ್ಲು, ಶಾಸನಗಳ ಒಂದು ಪಟ್ಟಿ ಮತ್ತು ಪ್ರತಿ ಊರಿನ ಹೆಸರಿನ ಕನ್ನಡ, ತೆಲುಗು, ತಮಿಳು ರೂಪಗಳಿರುವ ಒಂದು ಪೂರಕ ಪುಸ್ತಕವನ್ನು ಈ ಸೀಮೆಯ ಮೂರೂ ಭಾಷೆಗಳ ಶಿಕ್ಷಕರು ಕೂಡಿ ಕುಳಿತು ಬರೆಯಬೇಕು. ಅದು ಇಪ್ಪತ್ತು ಪುಟಗಳನ್ನು ಮೀರದು.