ಗಣಿ ಸಂಡೂರಿನದು, ಕಂತು ನಮ್ಮೂರಿನದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕಿನವರು ಬೆಂಗಳೂರಿಗೆ ಹೋಗಿ ಊರು ಹೇಳಿದ್ರೆ ಸಾಕು, "ಓ, ಗಣಿ ಕಡೆಯವರಾ?" ಅಂತಾರೆ. ನಮ್ಮ ಕಡೆ ಇರೋದು ಮಳೆ ನಂಬಿದ ಹೊಲ. ಜೋಳ, ಶೇಂಗಾ, ಮೆಕ್ಕೆಜೋಳ. ಅದಿರಿನ ಬೆಟ್ಟಗಳಿರೋದು ಸಂಡೂರು, ಹೊಸಪೇಟೆ ಕಡೆ. ಹಾಗಾದ್ರೆ 2011ರಲ್ಲಿ ಗಣಿ ನಿಂತಾಗ ನಮ್ಮೂರುಗಳಿಗೆ ಯಾಕೆ ಏಟು ಬಿತ್ತು? ಇವತ್ತಿನ ಸಂಚಿಕೆ ಇದರ ಬಗ್ಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಕಲ್ಲುಮಣ್ಣಿನ ಬಗ್ಗೆ ಬರೆದ ಗ್ರಂಥ 1895ರಲ್ಲಿ ಬಂತು. ಆಮೇಲೆ ಬೆಲ್ಜಿಯಂ ಮೂಲದ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಸಂಡೂರು ಸಂಸ್ಥಾನದಲ್ಲಿ ಮ್ಯಾಂಗನೀಸ್ ತೆಗೆಯೋಕೆ ಶುರು ಮಾಡ್ತು. ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲೇ ರೈಲು ಬಂದಿತ್ತು. ಆದ್ರೆ ಅದಿರಿಗಾಗಿ ಹಾಕಿದ ಕವಲು ಹಳಿ ನಮ್ಮ ಕಡೆ ಬರಲಿಲ್ಲ, ಸ್ವಾಮಿಹಳ್ಳಿ ಕಡೆ ತಿರುಗಿತು. 1954ರಲ್ಲಿ ಸಂಡೂರ್ ಮ್ಯಾಂಗನೀಸ್ ಕಂಪನಿ ಹುಟ್ಟಿತು, 1977ರಲ್ಲಿ ಎನ್‌ಎಂಡಿಸಿಯ ದೋಣಿಮಲೈ ಗಣಿ ಶುರುವಾಯ್ತು. ನಮ್ಮೂರುಗಳಿಂದ ಹೋಗಿದ್ದು ಕೂಲಿ ಜನ ಮಾತ್ರ.

2003-04ರ ನಂತರ ಲೆಕ್ಕ ಬದಲಾಯ್ತು. ಚೀನಾದ ಉಕ್ಕಿನ ಕಾರ್ಖಾನೆಗಳು, ಅಲ್ಲಿವರೆಗೂ ಕೇಳೋರಿಲ್ಲದೆ ಗುಡ್ಡೆ ಬಿದ್ದಿದ್ದ ಪುಡಿ ಅದಿರನ್ನೂ ಕೊಳ್ಳೋಕೆ ಶುರು ಮಾಡಿದ್ವು. ಇಲ್ಲೊಂದು ಮುಖ್ಯ ವಿಷಯ ಇದೆ. ಸಂಡೂರಿನ ಒಳ್ಳೆ ಅದಿರಲ್ಲಿ ಶೇ. 60ಕ್ಕಿಂತ ಹೆಚ್ಚು ಕಬ್ಬಿಣ. ಅದನ್ನ ಒಡೆದು, ಜರಡಿ ಹಿಡಿದು, ಲಾರಿಗೆ ತುಂಬಿದ್ರೆ ಮುಗೀತು. ಕಾರ್ಖಾನೆಯಲ್ಲಿ ಕೆಲಸ ಕಡಿಮೆ, ರಸ್ತೆ ಮೇಲೆ ಜಾಸ್ತಿ. ಆ ಲಾರಿ, ಡ್ರೈವರು, ಕ್ಲೀನರು ಬಂದಿದ್ದು ಮಳೆ ಕೈಕೊಟ್ಟ ನಮ್ಮಂಥ ತಾಲ್ಲೂಕುಗಳಿಂದ.

ನಮ್ಮ ಮಾವನೂ ಅವರಲ್ಲೊಬ್ಬರು. ಹೊಲ ಅಡ ಇಟ್ಟು, ಸಾಲ ಮಾಡಿ ಟಿಪ್ಪರ್ ತಂದ್ರು. ಮುಂದಿನ ಗಾಜಿನ ಮೇಲೆ "ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ" ಅಂತ ಬರೆಸಿದ್ರು. ಪೂಜೆ ದಿನ ಊರಿಗೆಲ್ಲ ಪೇಡೆ ಹಂಚಿದ್ದು ನಾನೇ.

2011ರ ಜುಲೈ 27ಕ್ಕೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಎರಡು ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯದ ಅರ್ಜಿ ಮೇಲೆ ಬಂದ ಆದೇಶ ಅದು. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಬೆಟ್ಟ ಕರಗಿದ್ದೂ, ಕಾಡು ಹೋಗಿದ್ದೂ, ಪರ್ಮಿಟ್ ಇಲ್ಲದೆ ಅದಿರು ಹಡಗು ಹತ್ತಿದ್ದೂ ಸುಳ್ಳಲ್ಲ. ಮಾವನ ಟಿಪ್ಪರ್‌ನಲ್ಲಿ ಹೋದ ಅದಿರೆಲ್ಲ ಸಕ್ರಮ ಅಂತ ನಾನು ಆಣೆ ಮಾಡಲಾರೆ. ಆದ್ರೆ ಆದೇಶ ಬಂದ ತಿಂಗಳೂ ಕಂತಿನ ತಾರೀಖು ಬಂತು. "ನಿಂತ ಲಾರಿನೂ ಉಣ್ಣಾಕ ಕೇಳ್ತೈತಲ್ಲಪ್ಪಾ" ಅಂದಿದ್ರು ಮಾವ. ಕೊನೆಗೆ ಟಿಪ್ಪರೂ ಹೋಯ್ತು, ಎರಡು ಎಕರೆ ಹೊಲವೂ ಹೋಯ್ತು.

ಇದೇ ಥರದ ಇನ್ನೊಂದು ಊರಿದೆ, ಆಫ್ರಿಕಾದ ದಕ್ಷಿಣಕ್ಕೆ, ಬೋಟ್ಸ್ವಾನದಲ್ಲಿ. ಹೆಸರು ಸೆಲೆಬಿ-ಫಿಕ್ವೆ. ಅಲ್ಲಿ 1970ರ ದಶಕದಿಂದ ನಿಕ್ಕಲ್ ಗಣಿ. ನಿಕ್ಕಲ್ ಅದಿರಿನ ಸ್ವಭಾವ ನಮ್ಮದರ ತದ್ವಿರುದ್ಧ. ನೂರು ಕೆಜಿ ಕಲ್ಲಲ್ಲಿ ಲೋಹ ಸಿಗೋದು ಒಂದೆರಡು ಕೆಜಿ. ಕಲ್ಲನ್ನ ಹಿಟ್ಟಿನ ಥರ ಅರೆಯಬೇಕು, ನೀರು-ರಾಸಾಯನಿಕದಲ್ಲಿ ನೊರೆ ಬರಿಸಿ ಲೋಹದ ಪುಡಿ ತೇಲಿಸಬೇಕು, ಆಮೇಲೆ ಕುಲುಮೆ. ಅದಕ್ಕೇ ಅಲ್ಲಿ ಗಣಿ ಪಕ್ಕದಲ್ಲೇ ದೊಡ್ಡ ಕುಲುಮೆ ಬಂತು, ಊರೇ ಬೆಳೀತು. ಆದ್ರೂ ಅರ್ಧ ಶುದ್ಧವಾದ ಲೋಹ ಮುಂದಿನ ಶುದ್ಧೀಕರಣಕ್ಕೆ ಹೊರದೇಶಕ್ಕೇ ಹೋಗ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಸರ್ಕಾರಿ ಒಡೆತನದ ಆ ಬಿಸಿಎಲ್ ಕಂಪನಿ ಮುಚ್ಚಿತು. 5,000ಕ್ಕೂ ಹೆಚ್ಚು ಜನ ಕೆಲಸ ಕಳ್ಕೊಂಡ್ರು.

ನಾನು ಬಿ.ಕಾಂ ಓದಿದವನು, ಲೆಕ್ಕದ ಪುಸ್ತಕ ನೋಡಿದ್ರೆ ಎರಡೂ ಬದಿ ಓದೋ ಚಾಳಿ. ಸೆಲೆಬಿ-ಫಿಕ್ವೆಯಲ್ಲಿ ಕೆಲಸ ಕಳ್ಕೊಂಡವರ ಹೆಸರು ಕಂಪನಿಯ ಹಾಜರಿ ಪುಸ್ತಕದಲ್ಲಿತ್ತು. ಅವರನ್ನ ಎಣಿಸಬಹುದು, ಅವರು ಬಾಕಿ ಕೇಳಬಹುದು. ನಮ್ಮ ಲಾರಿಯವರ ಹೆಸರು ಯಾವ ಗಣಿಯ ಪುಸ್ತಕದಲ್ಲಿತ್ತು? ಸಾಲ ಕೊಟ್ಟವರ ಪುಸ್ತಕದಲ್ಲಿ ಮಾತ್ರ.

2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿಯಿಂದ ಬಾಧಿತರಾದ ಜನರಿಗೆ ಅಂತಲೇ ಇರೋ ದುಡ್ಡು ಅದು. 2024ರ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿ.ಮೀ. ಒಳಗಿದ್ರೆ ನೇರ ಬಾಧಿತ, 25 ಕಿ.ಮೀ. ಒಳಗಿದ್ರೆ ಪರೋಕ್ಷ ಬಾಧಿತ. ಹಡಗಲಿ, ಹರಪನಹಳ್ಳಿ ಪಟ್ಟಣಗಳಂತೂ ಆ ವೃತ್ತಕ್ಕೆ ಸಿಗೋ ಮಾತೇ ಇಲ್ಲ. ಜೊತೆಗೆ 2021ರಲ್ಲಿ ನಾವು ವಿಜಯನಗರ ಜಿಲ್ಲೆಗೆ ಬಂದ್ವಿ, ಸಂಡೂರು ಬಳ್ಳಾರಿಯಲ್ಲೇ ಉಳೀತು.

ಧೂಳನ್ನ ಕಿ.ಮೀ. ಲೆಕ್ಕದಲ್ಲಿ ಅಳೀಬಹುದು. ಸಾಲವನ್ನ ಹಾಗೆ ಅಳೆಯೋಕಾಗಲ್ಲ. ಮುಂದೊಂದು ದಿನ ಅದಿರು ಮುಗಿದು ಗಣಿ ಮತ್ತೆ ನಿಲ್ಲುತ್ತೆ, ಆಗ ಯಾರ್ಯಾರು ಬಾಧಿತರು ಅನ್ನೋ ಪಟ್ಟಿ ಈಗಲೇ ಬರೆಯೋಕೆ ಶುರು ಮಾಡಬೇಕು. ನಿಮ್ಮ ಮನೆಯಲ್ಲೂ ಅಂಥ ಲಾರಿ ಇತ್ತಾ? ಇದ್ದರೆ ಆ ಕತೆ ನನಗೆ ಕಳಿಸಿ, ಮುಂದಿನ ಸಂಚಿಕೆಗೆ ಅದೇ ವಿಷಯ.